ಸಣ್ಣ ಬ್ಯಾಂಕುಗಳ ತನಿಖೆ: ಅಮೆರಿಕದ ಶಾಸನಗಳಲ್ಲಿ ಅವಧಿಯ ಪ್ರಶ್ನೆ

ಸರ್ಕಾರದ ತನಿಖಾಧಿಕಾರಿಯು ಬ್ಯಾಂಕಿಗೆ ಬಂದು ಲೆಕ್ಕಪತ್ರಗಳನ್ನು ನೋಡುವ ಪದ್ಧತಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1863-64ರ ರಾಷ್ಟ್ರೀಯ ಬ್ಯಾಂಕು ಶಾಸನಗಳಷ್ಟು ಹಳೆಯದು. ಆಗ ಅಧಿಕಾರಿಗೆ ಸಂಬಳವಿರಲಿಲ್ಲ. ತನಿಖೆಗೆ ಇಂತಿಷ್ಟೆಂದು ಶುಲ್ಕವಿತ್ತು. ಬೇಗ ಮುಗಿಸಿದಷ್ಟೂ ಲಾಭವೆಂಬ ಈ ಏರ್ಪಾಡನ್ನು ತೊಡೆದು, ಸಂಬಳವನ್ನು ಗೊತ್ತುಮಾಡಿ, ವರ್ಷಕ್ಕೆ ಎರಡು ತನಿಖೆಗಳನ್ನು ವಿಧಿಸಿದ್ದು 1913ರ ಫೆಡರಲ್ ರಿಸರ್ವ್ ಶಾಸನ.

ಆದರೆ ವಿಧಿಯೇ ಬೇರೆ, ಆಚರಣೆಯೇ ಬೇರೆ. 1980ರ ದಶಕದ ಪೂರ್ವಾರ್ಧದಲ್ಲಿ ಸರ್ಕಾರಿ ವೆಚ್ಚದ ಕಡಿತದಿಂದ ತನಿಖಾಧಿಕಾರಿಗಳ ಸಂಖ್ಯೆ ಇಳಿದು, ಎರಡು ತನಿಖೆಗಳ ನಡುವಣ ಅಂತರ ಬೆಳೆಯಿತು. ಗೃಹಸಾಲ ಸಂಸ್ಥೆಗಳ ಪ್ರಾಂತೀಯ ಕಚೇರಿಯೊಂದು 1983ರಲ್ಲಿ ಲಿಟಲ್ ರಾಕ್‌ನಿಂದ ಡಲ್ಲಾಸಿಗೆ ಸ್ಥಳಾಂತರಗೊಂಡಾಗ ಮೇಲ್ವಿಚಾರಣಾ ಸಿಬ್ಬಂದಿಯಲ್ಲಿ ಬಹುಮಂದಿ ಜೊತೆಗೆ ಹೋಗಲಿಲ್ಲ; ಟೆಕ್ಸಾಸಿನಲ್ಲಿ ಸಾಲಗಳು ಉಬ್ಬುತ್ತಿದ್ದ ಕಾಲದಲ್ಲಿಯೇ ಅಲ್ಲಿ ತನಿಖೆಗಳು ಕುಗ್ಗಿದವು. 1980ರಿಂದ 1994ರವರೆಗೆ ವಿಮೆಯುಳ್ಳ 1,600ಕ್ಕೂ ಹೆಚ್ಚು ಬ್ಯಾಂಕುಗಳು ಮುಚ್ಚಿದವು, ಇಲ್ಲವೆ ಸರ್ಕಾರದ ನೆರವಿನಿಂದ ಉಳಿದವು. ಇದರ ಫಲವಾಗಿಯೇ 1991ರ ಠೇವಣಿ ವಿಮಾ ಶಾಸನವು ವರ್ಷಕ್ಕೊಂದು ಸ್ಥಳತನಿಖೆಯನ್ನು ಕಡ್ಡಾಯಗೊಳಿಸಿತು.

ವಿನಾಯಿತಿಯೂ ಅದೇ ಶಾಸನದಲ್ಲಿದೆ. 10 ಕೋಟಿ ಡಾಲರಿಗಿಂತ ಕಡಿಮೆ ಆಸ್ತಿಯ, ಸಾಕಷ್ಟು ಬಂಡವಾಳವೂ ಉತ್ತಮ ಆಡಳಿತವೂ ಉಳ್ಳ ಬ್ಯಾಂಕಿಗೆ 18 ತಿಂಗಳಿಗೊಮ್ಮೆ ತನಿಖೆ ಸಾಕು. ಈ ಮಿತಿ 1994ರಲ್ಲಿ 25 ಕೋಟಿಗೂ, 2006ರಲ್ಲಿ 50 ಕೋಟಿಗೂ, 2015ರಲ್ಲಿ 100 ಕೋಟಿಗೂ, 2018ರಲ್ಲಿ 300 ಕೋಟಿಗೂ ಏರಿತು. (2015ರ ತಿದ್ದುಪಡಿ ಸೇರಿದ್ದು ಹೆದ್ದಾರಿ ಮತ್ತು ಸಾರಿಗೆಯ ಶಾಸನವೊಂದರಲ್ಲಿ ಎಂಬುದು ಗಮನಾರ್ಹ.) ಹಣದುಬ್ಬರವೊಂದರಿಂದಲೇ ಈ ಏರಿಕೆಯನ್ನು ವಿವರಿಸಲಾಗದು, 1991ರ 10 ಕೋಟಿ 2018ರ ಬೆಲೆಗಳಲ್ಲಿ 20 ಕೋಟಿಯನ್ನೂ ಮುಟ್ಟುವುದಿಲ್ಲ. 1980ರ ದಶಕದ ಮಧ್ಯದಲ್ಲಿ 14,000ಕ್ಕೂ ಮಿಕ್ಕಿದ್ದ ವಾಣಿಜ್ಯ ಬ್ಯಾಂಕುಗಳು 2018ರ ಹೊತ್ತಿಗೆ 5,000ಕ್ಕೂ ಕಡಿಮೆಯಾಗಿ, ಉಳಿದವು ದೊಡ್ಡವಾದುದರಿಂದ, ‘ಸಣ್ಣದು’ ಎಂಬ ಮಾತಿನ ಅರ್ಥವೇ ಸರಿದುಹೋಯಿತೆನ್ನಬೇಕು.

ಸಣ್ಣ ಬ್ಯಾಂಕಿನವರ ಅಹವಾಲು ಪೊಳ್ಳೇನೂ ಅಲ್ಲ. ಹತ್ತಿಪ್ಪತ್ತು ಮಂದಿ ದುಡಿಯುವ ಕಡೆ ತನಿಖೆ ನಡೆಯುವಷ್ಟು ದಿನವೂ ಸಾಲ ಕೊಡುವವನೇ ಕಡತ ಹುಡುಕಿ ಕೊಡುವವನೂ ಆಗಬೇಕಾಗುತ್ತದೆ. ಆದರೆ ಪಶ್ಚಿಮ ವರ್ಜೀನಿಯದ ಕೀಸ್ಟೋನ್ ಎಂಬ ಚಿಕ್ಕ ಊರಿನ ಫಸ್ಟ್ ನ್ಯಾಷನಲ್ ಬ್ಯಾಂಕಿನ ಪ್ರಕರಣವನ್ನೂ ಇಲ್ಲಿ ನೆನೆಯಬೇಕು. 1990ರ ದಶಕದ ಆದಿಯಲ್ಲಿ ಸುಮಾರು 10 ಕೋಟಿಯಷ್ಟಿದ್ದ ಅದರ ಆಸ್ತಿ 1999ರಲ್ಲಿ ಪುಸ್ತಕಗಳ ಪ್ರಕಾರ 100 ಕೋಟಿಯನ್ನು ದಾಟಿತ್ತು. ಆ ವರ್ಷ ತನಿಖಾಧಿಕಾರಿಗಳು ಪುಸ್ತಕಗಳನ್ನು ನಂಬದೆ, ಸಾಲಗಳ ಕಂತು ವಸೂಲು ಮಾಡುತ್ತಿದ್ದ ಸಂಸ್ಥೆಗಳನ್ನೇ ನೇರವಾಗಿ ವಿಚಾರಿಸಲು, 50 ಕೋಟಿಗೂ ಮಿಕ್ಕ ಸಾಲಗಳು ಬ್ಯಾಂಕಿನವೇ ಅಲ್ಲವೆಂದು ತಿಳಿಯಿತು. ಸೆಪ್ಟೆಂಬರಿನಲ್ಲಿ ಬ್ಯಾಂಕು ಮುಚ್ಚಿತು. ಹಿಂದಿನ ವರ್ಷಗಳಲ್ಲಿಯೂ ಅಲ್ಲಿಗೆ ತನಿಖಾಧಿಕಾರಿಗಳು ಹೋಗಿದ್ದರು. ಆದುದರಿಂದ ಎಷ್ಟು ತಿಂಗಳಿಗೊಮ್ಮೆ ಎಂಬುದಕ್ಕಿಂತ, ಹೋದವರು ಯಾರನ್ನು ಕೇಳಿದರು ಎಂಬುದೇ ಪ್ರಧಾನ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ. ಶಾಸನಕರ್ತರ ಚರ್ಚೆ ಬಹುಮಟ್ಟಿಗೆ ತಿಂಗಳುಗಳ ಲೆಕ್ಕದಲ್ಲಿಯೇ ನಿಂತಿದೆ.

2025ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಬ್ಯಾಂಕುಗಳ ನಿಯಂತ್ರಣ ಕಚೇರಿಯು, ಶಾಸನದಲ್ಲಿಲ್ಲದೆ ತನ್ನ ಧೋರಣೆಯಿಂದಲೇ ವಿಧಿಸಿಕೊಂಡಿದ್ದ ತನಿಖಾ ಕಟ್ಟಳೆಗಳನ್ನು ಸಣ್ಣ ಬ್ಯಾಂಕುಗಳ ಮಟ್ಟಿಗೆ 2026ರ ಜನವರಿ 1ರಿಂದ ಕೈಬಿಡುವುದಾಗಿ ಪ್ರಕಟಿಸಿತು. ಶಾಸನವು ಗೊತ್ತುಮಾಡಿದ 12 ಮತ್ತು 18 ತಿಂಗಳ ಅವಧಿಗಳನ್ನು ಈ ಪ್ರಕಟಣೆ ಮುಟ್ಟಲಿಲ್ಲ.