ಬ್ಯಾಟಿ ನಾಯಿಯಿಂದ ಮುಧೋಳ ತಳಿಯವರೆಗೆ: ಹೆಸರು, ಲಕ್ಷಣ ಮತ್ತು ಜನಪದ ಜ್ಞಾನ

ಸಾಕುಪ್ರಾಣಿಗಳ ಇತಿಹಾಸವೆಂಬುದು ಅವುಗಳನ್ನು ಸಾಕಿದ ಜನರ ಇತಿಹಾಸವೂ ಆಗಿದೆ. ಹಳ್ಳಿಕಾರ, ಅಮೃತಮಹಲ್, ಖಿಲಾರಿ ಮೊದಲಾದ ದನದ ತಳಿಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರವಣಿಗೆ ನಡೆದಿದೆ. ನಾಯಿಯ ವಿಷಯದಲ್ಲಿ ಹಾಗಾಗಿಲ್ಲ. ಕನ್ನಡ ಜನಪದದಲ್ಲಿ ನಾಯಿಯ ಸ್ಥಾನ ಎರಡು ಬಗೆಯದು. ಗಾದೆಗಳಲ್ಲಿ ಅದು ಡೊಂಕು ಬಾಲದ, ತಿದ್ದಲಾಗದ ಪ್ರಾಣಿ. ಬೈಗುಳದಲ್ಲಿ ಮೊದಲು ಬರುವ ಪದ. ಆದರೆ ಬೇಟೆ, ಕುರಿಹಟ್ಟಿ ಮತ್ತು ಮೈಲಾರನ ಆರಾಧನೆಯ ಲೋಕದಲ್ಲಿ ಅದೇ ನಾಯಿ ಒಡನಾಡಿ, ಕಾವಲುಗಾರ, ದೈವದ ಪರಿವಾರ. ಈ ಎರಡನೆಯ ನಾಯಿಯನ್ನು ಆಧಾರವಾಗಿಟ್ಟುಕೊಂಡು, ಇಂದು ‘ಮುಧೋಳ ನಾಯಿ’ ಎಂದು ಪ್ರಸಿದ್ಧವಾಗಿರುವ ತಳಿಯ ಹೆಸರು ಮತ್ತು ಲಕ್ಷಣಗಳ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತಳಿಯೊಂದರ ಕೀರ್ತಿ ಬೆಳೆದಂತೆ ಅದನ್ನು ರೂಪಿಸಿದ ಜನರ ನೆನಪು ಏಕೆ ಅಳಿಯುತ್ತದೆ ಎಂಬುದು ಇಲ್ಲಿ ಎತ್ತಿಕೊಂಡಿರುವ ಮುಖ್ಯ ಪ್ರಶ್ನೆ.

1. ಹೆಸರಿದ್ದ ನಾಯಿ, ತಳಿಯಿಲ್ಲದ ಕಾಲ

ಕರ್ನಾಟಕದ ನಾಯಿಗಳ ಇತಿಹಾಸಕ್ಕೆ ದೊರೆಯುವ ಅತ್ಯಂತ ಮಹತ್ವದ ಆಧಾರ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಶಕ 872ರ, ಅಂದರೆ ಕ್ರಿ.ಶ. 949–50ರ ಈ ಶಾಸನವನ್ನು ರಾಜಕೀಯ ಇತಿಹಾಸಕಾರರು ತಕ್ಕೋಲಂ ಯುದ್ಧದ ದಾಖಲೆಯಾಗಿಯೇ ಹೆಚ್ಚಾಗಿ ಬಳಸಿದ್ದಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಹೋರಾಡಿದ ಗಂಗರ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಆದರೆ ಆ ಕಲ್ಲನ್ನು ನಿಲ್ಲಿಸಿದ್ದು ರಾಜನಿಗಾಗಿ ಅಲ್ಲ, ನಾಯಿಗಾಗಿ. ಬೂತುಗನ ಅನುಯಾಯಿಯಾದ ಮಣಲೆರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ ಬೇಡಿದ್ದನ್ನು ಕೊಡುವೆನೆಂದಾಗ, ಅವನು ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು. ಆ ನಾಯಿಯನ್ನು ಬೆಳತೂರಿನ ಬೆಟ್ಟದಲ್ಲಿ ಕಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗಾಗಿ ಎರಡು ಕಂಡುಗ ಭೂಮಿಯನ್ನು ಬಿಡಲಾಯಿತು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುವುದೆಂಬ ಕಟ್ಟಳೆಯೂ ಶಾಸನದಲ್ಲಿದೆ. ನಾಯಿ–ಹಂದಿಗಳ ಕಾಳಗದ ಶಿಲ್ಪವಿರುವ ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಊರು, ಉಂಬಳಿಗಳೇ ವೀರನಿಗೆ ಸಲ್ಲುವ ಸಹಜ ಬಹುಮಾನವಾಗಿದ್ದ ಕಾಲದಲ್ಲಿ ಒಂದು ನಾಯಿ ಬೇಡಲು ಯೋಗ್ಯವಾದ ವಸ್ತುವಾಗಿತ್ತು. ಎರಡನೆಯದಾಗಿ, ಶಾಸನವು ನಾಯಿಗೆ ಅಂಕಿತನಾಮವನ್ನು ಕೊಡುತ್ತದೆಯೇ ಹೊರತು ಜಾತಿಯನ್ನು ಹೇಳುವುದಿಲ್ಲ. ಕಾಳಿಯ ಹಿರಿಮೆ ಇರುವುದು ಅದು ಮಾಡಿದ ಕೆಲಸದಲ್ಲಿ, ಅದರ ಕುಲದಲ್ಲಲ್ಲ. ಆದ್ದರಿಂದ ಕಾಳಿಯನ್ನು ಇಂದಿನ ಮುಧೋಳ ನಾಯಿಯ ಪೂರ್ವಜವೆಂದು ಹೇಳುವುದಕ್ಕೆ ಶಾಸನದಲ್ಲಿ ಆಧಾರವಿಲ್ಲ. ಶಾಸನವು ಸಾಬೀತುಪಡಿಸುವುದು ಬೇಟೆನಾಯಿಯ ಪರಂಪರೆಯ ಪ್ರಾಚೀನತೆಯನ್ನು ಮಾತ್ರ. ಆ ಮಟ್ಟಿಗೆ ಅದು ನಿರ್ಣಾಯಕ ಆಧಾರ.

2. ಆಸ್ಥಾನದ ವರ್ಗೀಕರಣ

ನಾಯಿಗಳನ್ನು ಲಕ್ಷಣಗಳಿಂದ ವಿಂಗಡಿಸುವ ಪ್ರಯತ್ನ ಮುಂದೆ ಕಲ್ಯಾಣ ಚಾಲುಕ್ಯರ ಆಸ್ಥಾನದಲ್ಲಿ ಕಾಣುತ್ತದೆ. ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) ‘ಮಾನಸೋಲ್ಲಾಸ’ದಲ್ಲಿ ‘ಸಾರಮೇಯವಿನೋದ’ ಎಂಬ ಭಾಗವೇ ಇದೆ. ರಾಜನ ವಿನೋದಗಳಲ್ಲಿ ಒಂದಾಗಿ ನಾಯಿಗಳನ್ನು ಆರಿಸುವ, ಬಳಸುವ ಕ್ರಮ ಅಲ್ಲಿ ಶಾಸ್ತ್ರದ ರೂಪ ಪಡೆದಿದೆ. ನಾಯಿ ಹುಟ್ಟಿದ ನಾಡು, ಅದರ ಅಂಗಲಕ್ಷಣ ಮತ್ತು ಬೇಟೆಯಲ್ಲಿ ಅದರ ಉಪಯೋಗ ಇವು ಒಂದಕ್ಕೊಂದು ಸಂಬಂಧಿಸಿದವು ಎಂಬ ತಿಳಿವಳಿಕೆ ಇದರ ಹಿನ್ನೆಲೆಯಲ್ಲಿದೆ. ಆದರೆ ರಾಜನಿಗೆ ಈ ತಿಳಿವಳಿಕೆ ಸ್ವತಃ ನಾಯಿ ಸಾಕಿ ಬಂದದ್ದಲ್ಲ. ಕಾಡು ಬಲ್ಲವರು, ನಾಯಿ ಹಿಡಿದು ನಡೆಸುವವರು, ಮೃಗದ ಜಾಡು ಅರಿತವರು ಅವನ ಸುತ್ತಲೂ ಇದ್ದಿರಲೇಬೇಕು. ಸಂಸ್ಕೃತ ಶ್ಲೋಕಗಳಲ್ಲಿ ಶಾಸ್ತ್ರವಾದದ್ದು ಮೂಲತಃ ಬೇಟೆಗಾರರ ಮೌಖಿಕ ಜ್ಞಾನವೆಂದು ಭಾವಿಸುವುದು ಯುಕ್ತ.

3. ಮುಧೋಳ ನಾಯಿ: ಲಕ್ಷಣ ಮತ್ತು ಹಿನ್ನೆಲೆ

ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿರುವ ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ಇಲ್ಲಿನ ನಾಯಿಯ ದೇಹರಚನೆ ಓಟಕ್ಕೆಂದೇ ರೂಪುಗೊಂಡದ್ದು. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಮೇಲಕ್ಕೆ ಸೇದಿಕೊಂಡ ಹೊಟ್ಟೆ, ನೀಳವಾದ ಕಾಲು, ತೆಳುವಾದ ಚರ್ಮ, ತುದಿಯತ್ತ ಸಣ್ಣದಾಗುವ ಬಾಲ ಇವು ಮುಖ್ಯ ಲಕ್ಷಣಗಳು. ಗಂಡುನಾಯಿಯ ಎತ್ತರ ಭುಜದವರೆಗೆ ಸುಮಾರು 70 ಸೆಂ.ಮೀ. ಇದು ಮೂಸಿ ಬೇಟೆಯಾಡುವ ನಾಯಿಯಲ್ಲ, ಕಣ್ಣಿನಿಂದ ಕಂಡು ಬೆನ್ನಟ್ಟುವ ನಾಯಿ. ಸುಗ್ಗಿ ಮುಗಿದ ಬಳಿಕ ದೂರದವರೆಗೆ ಬಯಲಾಗುವ ಎರೆಸೀಮೆಗೆ, ಮೊಲದಂತಹ ವೇಗದ ಪ್ರಾಣಿಯ ಬೇಟೆಗೆ ಇಂತಹ ನಾಯಿಯೇ ತಕ್ಕುದು. ದಟ್ಟ ಕಾಡಿನಲ್ಲಿ ಹಂದಿಯನ್ನು ಕೆಣಕಿ ನಿಲ್ಲಿಸಬೇಕಾದ ನಾಯಿಗೆ ಬೇಕಾದದ್ದು ಬೇರೆಯದೇ ಮೈಕಟ್ಟು. ಹೀಗೆ ತಳಿಯ ಲಕ್ಷಣವೆನ್ನುವುದು ನೆಲ ಮತ್ತು ಕಸುಬು ಸೇರಿ ರೂಪಿಸಿದ ಫಲ.

ಸ್ವಭಾವದಲ್ಲಿಯೂ ಇದು ವಿಶಿಷ್ಟ. ಸಾಕಿದವನಿಗೆ ಅಂಟಿಕೊಳ್ಳುವ, ಅಪರಿಚಿತರ ಕೈ ಸೋಕುವುದನ್ನು ಸಹಿಸದ, ಕಟ್ಟಿಹಾಕಿದರೆ ಕುಗ್ಗುವ ನಾಯಿಯಿದು. ಓಡಲು ಬಯಲು ಬೇಕು. ಜೋಳದ ನುಚ್ಚು, ರೊಟ್ಟಿ, ಹಾಲಿನಂತಹ ರೈತಾಪಿ ಮನೆಯ ಆಹಾರದಲ್ಲಿಯೇ ಇದು ಬೆಳೆದು ಬಂದಿದೆ.

ಈ ತಳಿಯ ಹೆಸರುಗಳನ್ನು ಬಿಡಿಸಿ ನೋಡಿದರೆ ಮೂರು ಪ್ರತ್ಯೇಕ ಚರಿತ್ರೆಗಳು ಗೋಚರಿಸುತ್ತವೆ. ‘ಮುಧೋಳ’ ಎಂಬುದು ಸಂಸ್ಥಾನದ ಹೆಸರು. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಈ ನಾಯಿಗಳ ಜೋಡಿಯನ್ನು ಕಾಣಿಕೆಯಾಗಿ ನೀಡಿದರು, ಅಲ್ಲಿಂದ ‘ಮುಧೋಳ ಹೌಂಡ್’ ಎಂಬ ಹೆಸರು ನಿಂತಿತು ಎಂಬುದು ಪ್ರಚಲಿತ ನಿರೂಪಣೆ. ಎರಡನೆಯ ಹೆಸರು ‘ಕಾರವಾನ್ ಹೌಂಡ್’. ಮಹಾರಾಷ್ಟ್ರದ ಗ್ರಾಮಗಳಲ್ಲಿ ಬಳಕೆಯಲ್ಲಿರುವ ‘ಕಾರವಾನಿ’ ಎಂಬ ಪದಕ್ಕೆ ಇದು ಸಂಬಂಧಿಸಿದ್ದು, ದಂಡುಕಟ್ಟಿಕೊಂಡು ಸಂಚರಿಸುವ ವರ್ತಕರು ಮತ್ತು ಅಲೆಮಾರಿಗಳ ನೆನಪನ್ನು ಹೊತ್ತಿದೆ. ಕಿವಿ, ಕಾಲು, ಬಾಲಗಳಲ್ಲಿ ನೀಳ ಕೂದಲಿರುವ ಬಗೆಗೆ ‘ಪಶ್ಮಿ’ ಎನ್ನುತ್ತಾರೆ; ಉಣ್ಣೆ ಎಂಬರ್ಥದ ಪಾರಸಿ ಶಬ್ದ ಇದರ ಮೂಲ. ದಖ್ಖನಿನ ಸುಲ್ತಾನರ ಕಾಲದಲ್ಲಿ ಪಶ್ಚಿಮ ಏಷ್ಯಾದೊಡನೆ ಇದ್ದ ಸಂಪರ್ಕವನ್ನು, ಅಲ್ಲಿನ ಸಲೂಕಿ ಮೊದಲಾದ ಓಟದ ನಾಯಿಗಳ ರಕ್ತಸಂಬಂಧದ ವಾದವನ್ನು ಈ ಶಬ್ದ ಬೆಂಬಲಿಸುತ್ತದೆ. ಮೂರನೆಯದು ಉತ್ತರ ಕರ್ನಾಟಕದ ಆಡುಮಾತಿನ ‘ಬ್ಯಾಟಿ ನಾಯಿ’. ಇದರಲ್ಲಿ ಊರೂ ಇಲ್ಲ, ಅರಸನೂ ಇಲ್ಲ, ಪರದೇಶವೂ ಇಲ್ಲ. ಕೇವಲ ಕಸುಬು ಇದೆ. ಆತಕೂರಿನ ಕಾಳಿಯನ್ನು ಗುರುತಿಸಿದ ದೃಷ್ಟಿಗೆ ಹತ್ತಿರವಾದದ್ದು ಈ ಮೂರನೆಯ ಹೆಸರೇ.

ಭಾರತೀಯ ಕೆನಲ್ ಕ್ಲಬ್ಬು ಈ ನಾಯಿಯನ್ನು ‘ಕಾರವಾನ್ ಹೌಂಡ್’ ಎಂದೂ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ಬು ‘ಮುಧೋಳ ಹೌಂಡ್’ ಎಂದೂ ಮಾನ್ಯ ಮಾಡಿವೆ. ಜನ ಕರೆದ ಹೆಸರು ಎರಡರಲ್ಲಿಯೂ ಉಳಿಯಲಿಲ್ಲ. ಇದು ಮುಧೋಳಕ್ಕೆ ಮಾತ್ರ ಸೀಮಿತವಲ್ಲ. ಉತ್ತರ ಪ್ರದೇಶದ ರಾಂಪುರ ಹೌಂಡ್ ನವಾಬರ ಹೆಸರಿನೊಡನೆ ಪ್ರಸಿದ್ಧವಾಯಿತು. ತಮಿಳುನಾಡಿನ ರಾಜಪಾಳಯಂ, ಚಿಪ್ಪಿಪಾರೈ, ಕೊಂಬೈಗಳೂ ಸ್ಥಳನಾಮಗಳೇ. ಬಿಳಿ ಮೈ, ನಸುಗೆಂಪು ಮೂಗಿನ ರಾಜಪಾಳಯಂ, ಓಟಕ್ಕೆ ಹೆಸರಾದ ಚಿಪ್ಪಿಪಾರೈ, ಕಂದುಬಣ್ಣದ ಮೈ, ಕಪ್ಪು ಮುಸುಡಿಯ ಕಾವಲುನಾಯಿ ಕೊಂಬೈ ಇವು ಒಂದಕ್ಕೊಂದು ತೀರ ಭಿನ್ನ. ಆ ಭಿನ್ನತೆಯನ್ನು ತಲೆಮಾರುಗಳ ಕಾಲ ಕಾಯ್ದುಕೊಂಡವರು ಸ್ಥಳೀಯ ಸಮುದಾಯಗಳು.

4. ಸಾಕಿದವರು ಯಾರು?

ಮುಧೋಳ ಸೀಮೆಯ ಬೇಟೆಗಾರ ಸಮುದಾಯಗಳಲ್ಲಿ ಬೇಡರು ಪ್ರಮುಖರು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು 1857ರಲ್ಲಿ ನಿಶ್ಶಸ್ತ್ರೀಕರಣ ಕಾಯಿದೆಯನ್ನು ಧಿಕ್ಕರಿಸಿ ಬ್ರಿಟಿಷರ ವಿರುದ್ಧ ಸಿಡಿದೆದ್ದದ್ದು ಇತಿಹಾಸ. ಅವರನ್ನು ಕುರಿತ ಲಾವಣಿಯನ್ನು ಸಂಗ್ರಹಿಸಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಅವರೇ ಆತಕೂರು ಶಾಸನವನ್ನೂ ಸಂಪಾದಿಸಿದರು. ಆಯುಧ ಬೇಡನಿಗೆ ಕೇವಲ ಯುದ್ಧಸಾಧನವಾಗಿರಲಿಲ್ಲ. ಬೇಟೆಯ ಬದುಕಿನ ಅಂಗವಾಗಿತ್ತು. ಅದೇ ಬದುಕಿನ ಇನ್ನೊಂದು ಅಂಗ ನಾಯಿ. ಅರಮನೆಯ ಆಶ್ರಯ ದೊರೆಯುವ ಮೊದಲೇ ಹಳ್ಳಿಗಳಲ್ಲಿ ಈ ನಾಯಿ ಇತ್ತೆಂಬುದನ್ನು ಅರಸೊತ್ತಿಗೆಯ ನಿರೂಪಣೆಯೂ ಅಲ್ಲಗಳೆಯುವುದಿಲ್ಲ.

ಕುರುಬರ ಲೋಕದಲ್ಲಿ ನಾಯಿಯ ಕೆಲಸ ಬೇರೆ. ಕುರಿಹಿಂಡನ್ನು ತೋಳದಿಂದ, ಕಳ್ಳರಿಂದ ಕಾಯುವುದು ಅಲ್ಲಿ ಮುಖ್ಯ. ಕುರುಬರು ನಡೆದುಕೊಳ್ಳುವ ಮೈಲಾರಲಿಂಗನ ಪರಂಪರೆಯಲ್ಲಿ ನಾಯಿಗೆ ಸಂದ ಗೌರವವನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ಮೈಲಾರ, ದೇವರಗುಡ್ಡ ಕ್ಷೇತ್ರಗಳ ಗೊರವರು ನಾಯಿಯಂತೆ ಬೊಗಳುತ್ತ ದೋಣಿಯಲ್ಲಿನ ಎಡೆಗೆ ಬಾಯಿ ಹಾಕುವ ಆಚರಣೆ ಇದೆ. ಮಹಾರಾಷ್ಟ್ರದ ಖಂಡೋಬನ ಭಕ್ತರಾದ ವಾಘ್ಯಾಗಳಲ್ಲಿಯೂ ಇದಕ್ಕೆ ಸಂವಾದಿಯಾದ ಆಚರಣೆ ಉಂಟು. ಗುಂಥರ್ ಸೊಂಥೈಮರ್ (1934–1992) ಅವರಂಥ ವಿದ್ವಾಂಸರು ಈ ಪಶುಪಾಲಕ ದೈವಗಳನ್ನು ಆಳವಾಗಿ ಅಧ್ಯಯನ ಮಾಡಿದ್ದಾರೆ. ಆತಕೂರಿನಲ್ಲಿ ನಾಯಿಯ ಕಲ್ಲನ್ನು ಪೂಜಿಸಬೇಕಾದವನೂ ಗೊರವನೇ ಎಂಬುದು ಕುತೂಹಲಕರ. ಹಳಗನ್ನಡದಲ್ಲಿ ‘ಗೊರವ’ ಎಂದರೆ ಸಾಮಾನ್ಯವಾಗಿ ಶೈವ ತಪಸ್ವಿ ಅಥವಾ ಪೂಜಾರಿ. ಆದ್ದರಿಂದ ಇಬ್ಬರೂ ಒಂದೇ ಎಂದು ಅವಸರದಿಂದ ಹೇಳಲಾಗದು. ಆದರೆ ಶೈವ ಪೂಜಾರಿಯೊಬ್ಬನು ನಾಯಿಯ ನೆನಪಿಗೆ ಬಾಧ್ಯನಾಗುವುದರಲ್ಲಿ ಅಸಹಜವೇನನ್ನೂ ಕಾಣದ ಸಮಾಜವೊಂದು ಇಲ್ಲಿ ಇತ್ತು ಎಂಬುದು ಸ್ಪಷ್ಟ.

5. ಕೀರ್ತಿ ಮತ್ತು ಮರೆವು

ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಬಂದ ಮೇಲೆ ಬೇಟೆ ಕಾನೂನುಬಾಹಿರವಾಯಿತು. ವನ್ಯಮೃಗಗಳ ಉಳಿವಿಗೆ ಇದು ಅಗತ್ಯವಾಗಿತ್ತು. ಆದರೆ ಅದರೊಡನೆ ಬ್ಯಾಟಿ ನಾಯಿಯ ಹೆಸರಿಗೆ ಆಧಾರವಾಗಿದ್ದ ಕಸುಬೂ ಕೊನೆಗಂಡಿತು. ಹೊಲಮನೆಗಳ ಕಾವಲು ಮತ್ತು ಮರಿಗಳ ಮಾರಾಟ ಅದರ ಜಾಗವನ್ನು ತುಂಬಿದವು. ಇದೇ ಕಾಲಘಟ್ಟದ ಮುಂದಿನ ಹಂತದಲ್ಲಿ ತಳಿಯ ಸಾರ್ವಜನಿಕ ಕೀರ್ತಿ ಬೆಳೆಯಿತು. 2005ರ ಜನವರಿಯಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ನಾಯಿ ತಳಿಗಳ ಅಂಚೆಚೀಟಿಗಳಲ್ಲಿ ಮುಧೋಳ ನಾಯಿಗೂ ಸ್ಥಾನ ದೊರೆಯಿತು. ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಸ್ಥಾಪನೆಯಾಯಿತು. 2016ರಲ್ಲಿ ಈ ನಾಯಿಗಳು ಮೀರತ್‌ನಲ್ಲಿ ಭಾರತೀಯ ಸೇನೆಯ ತರಬೇತಿಯಲ್ಲಿದ್ದವು. 2020ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಯವರು ತಮ್ಮ ಬಾನುಲಿ ಭಾಷಣದಲ್ಲಿ ದೇಶೀ ತಳಿಗಳ ನಡುವೆ ಇದನ್ನು ಹೆಸರಿಸಿದರು. ಕರ್ನಾಲಿನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಕೇಂದ್ರವು ರಾಜಪಾಳಯಂ ಮತ್ತು ಚಿಪ್ಪಿಪಾರೈಗಳೊಡನೆ ಮುಧೋಳ ನಾಯಿಯನ್ನೂ ತಳಿಯಾಗಿ ನೋಂದಾಯಿಸಿದೆ.

ಇವೆಲ್ಲ ಸ್ವಾಗತಾರ್ಹ ಬೆಳವಣಿಗೆಗಳು. ಆದರೂ ನೋಂದಣಿಯ ಪತ್ರವು ಎತ್ತರ, ತೂಕ, ಬಣ್ಣ, ತಲೆಯ ಆಕಾರಗಳನ್ನು ಅಳೆಯುತ್ತದೆ. ಹೆತ್ತ ನಾಯಿಯ ಯಾವ ಮರಿಯನ್ನು ಉಳಿಸಿಕೊಳ್ಳಬೇಕು, ಯಾವ ಗುಣವನ್ನು ಕಂಡು ಜೋಡಿ ಮಾಡಬೇಕು, ಮರಿಗೆ ಓಟ ಕಲಿಸುವುದು ಹೇಗೆ, ಬೇನೆಗೆ ಯಾವ ಮದ್ದು, ಸತ್ತ ನಾಯಿಗೆ ಯಾವ ಸಂಸ್ಕಾರ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಸ್ಥಳವಿಲ್ಲ. ತಳಿಯನ್ನು ತಳಿಯಾಗಿಸಿದ್ದು ಈ ಪ್ರಶ್ನೆಗಳಿಗೆ ಜನ ಕಂಡುಕೊಂಡ ಉತ್ತರಗಳೇ. ಬೇಟೆಯನ್ನು ಸ್ವತಃ ಕಂಡ ಹಿರಿಯರ ತಲೆಮಾರು ಮುಗಿಯುತ್ತಿದೆ. ನೋಟದ ಚೆಲುವನ್ನೇ ಮಾನದಂಡವಾಗಿಟ್ಟುಕೊಂಡು ಮಾರುಕಟ್ಟೆಗಾಗಿ ಮರಿ ಮಾಡಿಸಿದರೆ ಲಕ್ಷಣ ಉಳಿದೀತು, ಗುಣ ಉಳಿಯದು.

ಜೀವವೈವಿಧ್ಯ ಕಾಯಿದೆ (2002) ಸ್ಥಳೀಯ ಸಮಿತಿಗಳ ಮೂಲಕ ಜನತಾ ಜೀವವೈವಿಧ್ಯ ದಾಖಲಾತಿಗೆ ಅವಕಾಶ ಮಾಡಿಕೊಟ್ಟಿದೆ. ಸಾಕುಪ್ರಾಣಿಗಳೂ ಅವನ್ನು ಕುರಿತ ಸಾಂಪ್ರದಾಯಿಕ ಜ್ಞಾನವೂ ಅದರ ವ್ಯಾಪ್ತಿಗೆ ಬರುತ್ತವೆ. ಮುಧೋಳ, ಜಮಖಂಡಿ ಸೀಮೆಯ ಹಳ್ಳಿಗಳಲ್ಲಿ ಪಶುವೈದ್ಯ ವಿಜ್ಞಾನಿ ಮತ್ತು ಜಾನಪದ ವಿದ್ವಾಂಸ ಜೊತೆಯಾಗಿ, ಸಾಕಿದವರ ನುಡಿಯಲ್ಲಿಯೇ ಈ ದಾಖಲೆಯನ್ನು ಸಿದ್ಧಪಡಿಸಬೇಕಾಗಿದೆ. ಆತಕೂರಿನ ಕಲ್ಲಿನಲ್ಲಿ ನಾಯಿಯ ಹೆಸರಿದೆ, ಅದನ್ನು ಬೇಡಿ ಪಡೆದವನ ಹೆಸರಿದೆ, ಪೂಜಿಸಬೇಕಾದವನ ಹೊಣೆಯೂ ಇದೆ. ಸಾವಿರ ವರ್ಷಗಳ ಹಿಂದಿನ ಆ ದಾಖಲೆಯಲ್ಲಿ ಪ್ರಾಣಿಯಿಂದ ಮನುಷ್ಯನನ್ನು ಬೇರ್ಪಡಿಸಿರಲಿಲ್ಲ. ಇಂದಿನ ತಳಿದಾಖಲೆಗೂ ಅದೇ ಮಾದರಿಯಾಗಬೇಕು.