ಅಂಜದೀವದ ಕಲ್ಲುಗಳು, ಕಲ್ಲಿಗೆ ಏರದ ಬೇಹಿನವರು

ಕಳೆದ ಡಿಸೆಂಬರಿನಲ್ಲಿ ಮನೆಯ ಕೆಲಸಕ್ಕೆಂದು ಅಮದಳ್ಳಿಯ ಸೋದರಮಾವನ ಮನೆಗೆ ಹೋಗಿದ್ದೆ. ಕಾರವಾರದಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ ಬಿಣಗಾ, ಅರ್ಗಾ, ಚೆಂಡಿಯಾ, ತೋಡೂರು ದಾಟಿದರೆ ಈ ಊರು. ನಾನು ಎಲ್ಲಿಗೆ ಹೋದ್ರೂ ಬ್ಯಾಗಿನಲ್ಲಿ ಒಂದು ಟಾರ್ಚು, ಒಂದು ಮೃದುವಾದ ಬ್ರಷ್ಷು, ಅಳತೆಪಟ್ಟಿ ಇದ್ದೇ ಇರುತ್ತೆ. ಮಾವ ಅದನ್ನು ನೋಡಿ ನಕ್ಕರು. "ತಮಾ, ಊರೂರಿನ ಕಲ್ಲು ಓದೂಕೆ ಹೋಗ್ತಿ. ಇಲ್ಲೇ ಬಗಲಲ್ಲಿರೂ ಅಂಜದೀವದ ಕಲ್ಲು ಓದಿದ್ಯಾ?"

ಓದಿಲ್ಲ. ಓದೋಕೆ ಆಗೋದೂ ಇಲ್ಲ. ಅಂಜದೀವ ಇರುವುದು ಬಿಣಗಾ–ಅರ್ಗಾ ಕರಾವಳಿಗೆ ಅಂಟಿಕೊಂಡಂತೆ, ಆದರೆ ಆಡಳಿತದ ಲೆಕ್ಕದಲ್ಲಿ ಅದು ಗೋವೆಯದ್ದು, ಕಾವಲಿನ ಲೆಕ್ಕದಲ್ಲಿ ನೌಕಾಪಡೆಯದ್ದು. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು, 2005ರಲ್ಲಿ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ಅಲೆತಡೆ ಕಟ್ಟಿ ದ್ವೀಪವನ್ನು ನೆಲಕ್ಕೆ ಜೋಡಿಸಿದ್ದಾರೆ. ನಮ್ಮಂಥವರಿಗೆ ಒಳಗೆ ಪ್ರವೇಶವಿಲ್ಲ, ಅದು ಸರಿಯೇ. ಹಾಗಾಗಿ ಈ ಬರಹ ನಾನು ಕಣ್ಣಾರೆ ಕಾಣದ ಕಲ್ಲುಗಳ ಬಗ್ಗೆ. ನಮ್ಮ ಓದುಗರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ.

ಈ ದ್ವೀಪದ ಮಟ್ಟಿಗೆ ಮೂರು ಬಗೆಯ ಕಲ್ಲುಗಳು ದಾಖಲೆಯಲ್ಲಿವೆ. 1498ರಲ್ಲಿ ಪಾಳುಗುಡಿಯೊಂದರ ನಡುವೆ ಪೂಜೆಗೊಳ್ಳುತ್ತಿದ್ದ ಮೂರು ಕರಿಕಲ್ಲು. 1682ರಲ್ಲಿ ಎದ್ದ ಪೋರ್ಚುಗೀಸ್ ಕೋಟೆಯ ಶಾಸನ. 1961ರಲ್ಲಿ ಸತ್ತ ನಾವಿಕರ ಸ್ಮಾರಕ. ಮೂರನ್ನೂ ಸಾಲಾಗಿ ಇಟ್ಟು ಓದುತ್ತ ಹೋದಾಗ ನನಗೆ ಕಾಡಿದ ಪ್ರಶ್ನೆ ಒಂದೇ: ಈ ಕಲ್ಲುಗಳ ಹಿಂದೆ ಪ್ರತಿ ಸಲವೂ ಒಂದು ಸುದ್ದಿ ಇದೆ, ಯಾರೋ ಕಂಡು, ಯಾರಿಗೋ ತಲುಪಿಸಿದ ಸುದ್ದಿ. ಆ ಯಾರೋ ಎಲ್ಲಿ?

ವೀರಗಲ್ಲು ಓದಿದವರಿಗೆ ಇದು ಹೊಸದೇನಲ್ಲ. ತುರುಗೋಳಿನ ಶಾಸನದಲ್ಲಿ ದನ ಹೊಡೆದುಕೊಂಡು ಹೋದವರು ಇರುತ್ತಾರೆ, ಅವನ್ನು ಮರಳಿಸಿ ಸತ್ತವನು ಇರುತ್ತಾನೆ, ಕಲ್ಲು ನಿಲ್ಲಿಸಿದ ಹೆಂಡತಿಯೋ ತಮ್ಮನೋ ಇರುತ್ತಾರೆ. ದನ ಯಾವ ಕಣಿವೆಯಲ್ಲಿ ಇಳಿದವು ಅಂತ ಓಡಿಬಂದು ಹೇಳಿದವನ ಹೆಸರು ಇರೋದಿಲ್ಲ. ಬೇಹು ಎಂಬ ಮಾತು ನಮ್ಮಲ್ಲಿ ಹಳೆಯದು, ಬೇಹಿನವನಿಗೆ ಕಲ್ಲು ಮಾತ್ರ ಅಪರೂಪ.

ಅಂಜದೀವಕ್ಕೆ ಬರೋಣ. ಈ ಚಿಕ್ಕ ದ್ವೀಪಕ್ಕೆ ಯಾಕಿಷ್ಟು ಕಾದಾಟ ಅಂದರೆ ಉತ್ತರ ಸರಳ, ನೀರು. 14ನೆಯ ಶತಮಾನದಲ್ಲಿ ಇಬ್ನ್ ಬತೂತ ಗೋವೆಯ ಸಮೀಪದ ಒಂದು ದ್ವೀಪದಲ್ಲಿ ಗುಡಿ, ತೋಟ, ನೀರಿನ ಕೊಳ ಕಂಡೆ, ಅಲ್ಲೊಬ್ಬ ಜೋಗಿ ಇದ್ದ ಎಂದು ಬರೆದ. ಅದು ಅಂಜದೀವವೇ ಎಂದು ಬಹಳ ವಿದ್ವಾಂಸರ ಅಭಿಪ್ರಾಯ. ಅಂಕೋಲೆಯ ಆರ್ಯಾದುರ್ಗೆ ಮೂಲದಲ್ಲಿ ಈ ದ್ವೀಪದವಳು ಎಂಬ ನಂಬಿಕೆಯೂ ಇದೆ. 1498ರ ಸೆಪ್ಟೆಂಬರಿನಲ್ಲಿ ವಾಸ್ಕೋ ಡ ಗಾಮ ಊರಿಗೆ ಮರಳುವ ಮುಂಚೆ ಹಡಗಿನ ತಳ ಕೆರೆದು ಶುಚಿ ಮಾಡಲು, ನೀರು ತುಂಬಲು ಇಲ್ಲಿಗೇ ಬಂದ. ಆ ಯಾನದ ದಿನಚರಿಯೊಂದು ಉಳಿದಿದೆ, ಸಾಮಾನ್ಯವಾಗಿ ಆಲ್ವಾರೋ ವೆಲ್ಯೋ ಎಂಬ ಸಹಯಾತ್ರಿಯದ್ದು ಎನ್ನುತ್ತಾರೆ. ರೇವನ್‌ಸ್ಟೈನ್ 1898ರಲ್ಲಿ ಮಾಡಿದ ಇಂಗ್ಲಿಷ್ ಅನುವಾದವನ್ನು ನಾನು ಓದಿದ್ದು. ಕಡೆದ ಕಲ್ಲಿನ ದೊಡ್ಡ ಗುಡಿ ಬಿದ್ದಿದೆ, ಹುಲ್ಲು ಹೊದಿಸಿದ ಒಂದು ಗರ್ಭಗುಡಿ ಮಾತ್ರ ಉಳಿದಿದೆ, ನಡುವೆ ಮೂರು ಕರಿಕಲ್ಲು, ಪಕ್ಕದಲ್ಲಿ ಅದೇ ಕಟ್ಟಡ ಶೈಲಿಯ ಕೊಳ ಎಂದು ಅದರಲ್ಲಿದೆ. ಲಿಂಗಗಳೋ, ಮೂರ್ತಿಗಳೋ, ಬರೆದ ಕಲ್ಲೋ? ಅವನಿಗೆ ಅದು ಚರ್ಚಿನಂತೆ ಕಂಡಿತ್ತು, ಹೀಗಿರುವಾಗ ಅವನ ಕಣ್ಣನ್ನು ಎಷ್ಟು ನಂಬೋದು!

ಆದರೆ ಹಡಗು, ದೋಣಿ, ಸರಕಿನ ವಿಚಾರದಲ್ಲಿ ಅವನ ಕಣ್ಣು ಚುರುಕು. ಎಂಟು ದೊಡ್ಡ ಹಡಗುಗಳು ಬಂದವು, ಬೆನ್ನಟ್ಟಿ ಒಂದನ್ನು ಹಿಡಿದರು. ಒಳಗೆ ಏನಿತ್ತು? ತೆಂಗಿನಕಾಯಿ, ನಾಲ್ಕು ಕೊಡ ತಾಳೆಬೆಲ್ಲ, ರಾಶಿ ಆಯುಧ, ಉಳಿದದ್ದು ಭಾರಕ್ಕೆ ತುಂಬಿದ ಮರಳು. ಇದೇ ಆ ಕಾಲದ ಗುಪ್ತವಾರ್ತೆ ನೋಡಿ. ಮೆಣಸಿಲ್ಲ, ಬಟ್ಟೆಯಿಲ್ಲ ಅಂದ್ರೆ ವ್ಯಾಪಾರದ ಹಡಗಲ್ಲ. ತಿನ್ನೋಕೆ ಇದೆ, ಹೊಡೆಯೋಕೆ ಇದೆ, ಮರಳು ತುಂಬಿದೆ ಅಂದ್ರೆ ಕಾಳಗಕ್ಕೇ ಹೊರಟದ್ದು. ಮರುದಿನ ಏಳು ಜನ ದೋಣಿಯಲ್ಲಿ ಬಂದು, ಅವು ನಿಮ್ಮನ್ನು ಹುಡುಕಿಕೊಂಡು ಕಲ್ಲಿಕೋಟೆಯಿಂದ ಬಂದವು ಅಂತ ಹೇಳಿಹೋದರು. ಆ ಏಳು ಜನ ಯಾರು? ದಿನಚರಿಗೆ ಅದು ಬೇಕಾಗಿಲ್ಲ.

ಆಮೇಲೆ ಬಾವುಟ ಹಾರಿಸಿ ವಾದ್ಯ ಬಾರಿಸುತ್ತ ಇನ್ನೆರಡು ದೋಣಿ ಬಂದವು. ದಡದವರು ಮತ್ತೆ ಎಚ್ಚರಿಸಿದರು, ಹತ್ತಿರ ಬಿಡಬೇಡಿ, ಅವರು ಕಳ್ಳರು. ಇನ್ನೊಂದು ದಿನ ಕೆಲವರು ಕಬ್ಬಿನ ಕಟ್ಟು ಕಾಣಿಕೆ ತಂದು, ಹಡಗು ನೋಡಬಹುದೇ ಅಂತ ಕೇಳಿದರು. ಗಾಮ ಬೇಹಿಗೆ ಬಂದವರೆಂದು ಸಿಟ್ಟಾದ. ಪಾಪ, ಬರೇ ಕುತೂಹಲದಿಂದ ಬಂದವರೂ ಇರಬಹುದು. ಇವತ್ತಿಗೂ ನಮ್ಮ ದಡಕ್ಕೆ ಹೊಸ ಹಡಗು ಬಂದರೆ ಅರ್ಧ ಊರು ಅಲ್ಲಿರುತ್ತದೆ.

ಕೊನೆಗೆ ಬಂದವನು ನಿಜವಾದ ಬೇಹಿನವ. ನಲವತ್ತರ ಆಸುಪಾಸಿನ ಮನುಷ್ಯ, ಒಳ್ಳೆಯ ಬಟ್ಟೆ, ಸೊಂಟದಲ್ಲಿ ಕತ್ತಿ, ವೆನಿಸ್ಸಿನ ಭಾಷೆ ಚೆನ್ನಾಗಿ ಬರುತ್ತಿತ್ತು. ಬಂದವನೇ ಗಾಮನನ್ನು ಅಪ್ಪಿಕೊಂಡ. ನಾನು ಪಶ್ಚಿಮದವನು, ನಲವತ್ತು ಸಾವಿರ ಕುದುರೆಯ ಒಡೆಯನ ಸೇವೆಯಲ್ಲಿದ್ದೇನೆ ಎಂದ. ಅವನು ಗಾಮನ ಹತ್ತಿರ ಮಾತಾಡುತ್ತಿರುವಾಗ ಅಣ್ಣ ಪೌಲೋ, ಜೊತೆಗೆ ಬಂದವರನ್ನು ಬದಿಗೆ ಕರೆದು ವಿಚಾರಿಸಿದ. ಇವನು ನಿಮ್ಮ ಮೇಲೆ ಬೀಳಲು ಬಂದವನು, ಹಡಗೂ ಜನರೂ ದಡದಲ್ಲಿದ್ದಾರೆ ಎಂದು ಅವರು ಬಾಯಿಬಿಟ್ಟರು. ಕಟ್ಟಿ ಹೊಡೆದರು. ಆಗ ಅವನು ಹೇಳಿದ್ದು: ಸುತ್ತಲ ಅಳಿವೆ, ಕೋಡಿಗಳಲ್ಲಿ ಆಯುಧದ ಜನ ಅಡಗಿದ್ದಾರೆ, ನಲವತ್ತು ಹಡಗು ಬರಲಿ ಅಂತ ಕಾಯುತ್ತಿದ್ದಾರೆ. ಅಕ್ಟೋಬರ್ 5ರಂದು ಗಾಮ ಅವನನ್ನೂ ಹತ್ತಿಸಿಕೊಂಡು ಹೊರಟೇಬಿಟ್ಟ. ನಡುಗಡಲಿನಲ್ಲಿ ಪೂರ್ತಿ ಒಪ್ಪಿಕೊಂಡನಂತೆ, ಗೋವೆಯ ಒಡೆಯನಿಗೆ ನೆರೆಯ ಅರಸರ ಮೇಲಿನ ಯುದ್ಧಕ್ಕೆ ಈ ಪರದೇಶಿಗಳು ಬೇಕಾಗಿದ್ದರು, ಅದಕ್ಕೆ ಕಳಿಸಿದ್ದ ಅಂತ. ಮುಂದೆ ಇವನೇ ಗಾಸ್ಪರ್ ಡ ಗಾಮ ಎಂಬ ಹೆಸರಿನಲ್ಲಿ ಪೋರ್ಚುಗೀಸರ ದುಭಾಷಿಯಾದ, 1500ರಲ್ಲಿ ಕಬ್ರಾಲನ ಜೊತೆ ಮತ್ತೆ ಬಂದ.

ಹೊಡೆತ ತಿಂದವನ ಮಾತಿಗೆ ಎಷ್ಟು ಬೆಲೆ? ನಾನು ಎಂಜಿನಿಯರು, ಒಂದೇ ಮೀಟರಿನ ರೀಡಿಂಗ್ ನಂಬೋದಿಲ್ಲ. ನಲವತ್ತು ಹಡಗು ಅನ್ನೋದಕ್ಕೆ ಇವನ ಬಾಯಿ ಬಿಟ್ಟು ಬೇರೆ ಆಧಾರವಿಲ್ಲ. ಆದರೆ ಕೋಡಿಗಳಲ್ಲಿ ಅಡಗಿದ್ದಾರೆ ಎಂಬ ಭಾಗ ನಂಬುವಂಥದ್ದು. ಅದನ್ನು ಹೊಡೆತ ತಿನ್ನದ ಜೊತೆಗಾರರೂ ಹೆಚ್ಚುಕಡಿಮೆ ಹೇಳಿದ್ದರು, ನೆಲವೂ ಅದಕ್ಕೆ ಹೊಂದುತ್ತದೆ. ಕಾಳಿ ಅಳಿವೆಯಿಂದ ಬೇಲೆಕೇರಿವರೆಗೆ ಗುಡ್ಡ ಸಮುದ್ರಕ್ಕೆ ಇಳಿಯುತ್ತೆ, ಎರಡು ಗುಡ್ಡದ ನಡುವೆ ಒಂದು ಕೊಲ್ಲಿ, ಮತ್ತೆ ಗುಡ್ಡ. ಲೆಕ್ಕ ಹಾಕಿದೆ: ಐವತ್ತು ಮೀಟರ್ ಎತ್ತರದಲ್ಲಿ ನಿಂತವನಿಗೆ ದಿಗಂತ ಸುಮಾರು 25 ಕಿ.ಮೀ., ಹತ್ತು ಮೀಟರಿನ ಪಟಸ್ತಂಭದ ತುದಿಯಾದರೆ 36 ಕಿ.ಮೀ. ದೂರಕ್ಕೆ ಕಾಣಬೇಕು. ಅಂದರೆ ದ್ವೀಪದ ಮೇಲಿನ ಕಾವಲುಗಾರ ತೆರೆದ ಕಡಲಿನ ಯಾವ ಹಡಗನ್ನೂ ಬಿಡೋದಿಲ್ಲ. ಆದರೆ ಅವನ ಬೆನ್ನ ಹಿಂದೆಯೇ, ಒಂದು ಗುಡ್ಡದ ಆಚೆಗಿನ ಕೊಲ್ಲಿಯಲ್ಲಿ ಇರುವ ದೋಣಿ ಅವನಿಗೆ ಕಾಣದು. ಅದಕ್ಕೆ ದಡದ ಮನುಷ್ಯನೇ ಬೇಕು, ಕೋಳಿ, ಹಾಲು, ಕುಂಬಳಕಾಯಿ ಮಾರಲು ಬಂದವನು. ಈ ದ್ವೀಪ ಹಿಡಿದವರೆಲ್ಲ ಅವನನ್ನೇ ನಂಬಬೇಕಾಯಿತು, ಅವನನ್ನೇ ಅನುಮಾನಿಸಬೇಕಾಯಿತು.

ಮುಂದಿನದು ಬೇಗ ಹೇಳುತ್ತೇನೆ. 1505ರಲ್ಲಿ ಅಲ್ಮೇಡ ಇಲ್ಲಿ ಕೋಟೆ ಕಟ್ಟಿದ, ಮರುವರ್ಷ ಗೋವೆಯ ಕಡೆಯ ಹಡಗುಗಳು ಮುತ್ತಿದವು, ಪೋರ್ಚುಗೀಸರೇ ಕೋಟೆ ಕೆಡವಿ ಹೋದರು. 1510ರಲ್ಲಿ ಹೊನ್ನಾವರದ ತಿಮ್ಮಯ್ಯ, ಅವರ ಬಾಯಲ್ಲಿ ತಿಮೋಜ, ಅಲ್ಬುಕರ್ಕನಿಗೆ ಸುದ್ದಿ ಕೊಟ್ಟ: ಗೋವೆಯ ಒಡೆಯ ತೀರಿಕೊಂಡಿದ್ದಾನೆ, ಮಗ ಎಳೆಯ, ಅಲ್ಲಿ ಹಡಗು ಕಟ್ಟುತ್ತಿದ್ದಾರೆ, ಹೊಡೆಯುವುದಿದ್ದರೆ ಈಗಲೇ. ಪಶ್ಚಿಮ ಸಮುದ್ರಕ್ಕೆ ಹೊರಟಿದ್ದ ಅಲ್ಬುಕರ್ಕ ದಿಕ್ಕು ಬದಲಿಸಿದ. ಕಾಳಿ ಅಳಿವೆಯ ಚಿತ್ತಾಕುಲದ ಕೋಟೆಯನ್ನು, ಈಗಿನ ಸದಾಶಿವಗಡದ ಜಾಗ, ತಿಮ್ಮಯ್ಯನ ಜನ ನೆಲದ ಕಡೆಯಿಂದ ಹಿಡಿದರು. ಗೋವೆ ಆ ವರ್ಷವೇ ಒಮ್ಮೆ ಬಿತ್ತು, ಕೈತಪ್ಪಿತು, ನವೆಂಬರ್ 25ಕ್ಕೆ ಮತ್ತೆ ಬಿತ್ತು, ಆಮೇಲೆ 451 ವರ್ಷ ಅವರದ್ದೇ. ತಿಮ್ಮಯ್ಯನಿಗೆ ಗೋವೆಯ ಕಂದಾಯ ವಸೂಲಿಯ ಅಧಿಕಾರ ಸಿಕ್ಕಿತು. ಸುದ್ದಿ ಕೊಟ್ಟವನಿಗೆ ಅದರಲ್ಲಿ ಪಾಲೂ ಇತ್ತು, ಇದನ್ನು ಮರೆಯಬಾರದು.

ಇನ್ನು 1682ರ ಕೋಟೆ. ಅದನ್ನು ಕಟ್ಟಿಸಿದ್ದು ವೈಸ್‌ರಾಯ್ ಫ್ರಾನ್ಸಿಸ್ಕೋ ದ ತಾವೊರಾ, ಆಲ್ವೋರಿನ ಕೌಂಟ್. ಅಡಿಗಲ್ಲಿನ ಶಾಸನ ಅವನದ್ದೇ ಹೆಸರು ಹೇಳುತ್ತದೆ. ಯಾಕೆ ಕಟ್ಟಿಸಿದ? ಸಂಭಾಜಿಯ ಕಡೆಯವರು ಅಲ್ಲಿ ಕೋಟೆ ಎಬ್ಬಿಸಲು ಹೊರಟಿದ್ದಾರೆ ಎಂಬ ಸುದ್ದಿ ಗೋವೆಗೆ ಮೊದಲು ತಲುಪಿತ್ತು. ಗಸ್ತಿನ ಕಾರಣ ಇಲ್ಲದೆ ಆ ಶಾಸನ ಓದಿದರೆ ಒಬ್ಬ ದೊರೆಯ ಉದಾರತನ ಓದಿದ ಹಾಗಾಗುತ್ತೆ.

1961ಕ್ಕೆ ಬಂದರೆ ಮಾವನ ಕಾಲ. 1955ರ ಸತ್ಯಾಗ್ರಹದ ಗೋಲಿಬಾರಿನ ನಂತರ ಗಡಿ ಮುಚ್ಚಿತ್ತು, ಕ್ಯಾಸಲ್‌ರಾಕ್‌ ಮೂಲಕ ಹೋಗುತ್ತಿದ್ದ ರೈಲು ನಿಂತಿತ್ತು. ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ 1955ರ ನವೆಂಬರಿನಿಂದ ಗುಪ್ತ ರೇಡಿಯೊ ನಡೆಸಿದರು, ಮೊದಲು ಅಂಬೋಲಿಯ ಕಾಡಿನಿಂದ, ಆಮೇಲೆ ನಮ್ಮ ಜಿಲ್ಲೆಯ ಕ್ಯಾಸಲ್‌ರಾಕ್‌ನಿಂದ. 1961ರ ನವೆಂಬರ್ 17ರಂದು ದ್ವೀಪದ ಪೋರ್ಚುಗೀಸ್ ಕಾವಲು ದಳ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿತು, ಅದರ ಮುಖ್ಯ ಎಂಜಿನಿಯರ್‌ಗೆ ಗಾಯವಾಯಿತು. ಒಂದು ವಾರದಲ್ಲಿ ಮೀನುದೋಣಿಯ ಮೇಲೆ ಗುಂಡು ಬಿದ್ದು ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 1ರಿಂದ ಬೇತ್ವಾ, ಬಿಯಾಸ್ ಯುದ್ಧನೌಕೆಗಳು ಗೋವೆಯಿಂದ ಎಂಟು ಮೈಲಿ ದೂರದಲ್ಲಿ ಗಸ್ತು ತಿರುಗಿ, ಯಾವ ಹಡಗು ಬರುತ್ತೆ, ಹೋಗುತ್ತೆ ಅಂತ ನೋಡತೊಡಗಿದವು.

ಈ ಸಲ ಸುದ್ದಿ ಎರಡು ರೀತಿ ತಪ್ಪಿತು ಅಂತ ನನಗನ್ನಿಸುತ್ತೆ. ಗೋವೆಯ ಬಗ್ಗೆ ಹೆಚ್ಚು ಅಂದಾಜು, ಹಲವು ಯುದ್ಧನೌಕೆಗಳಿವೆ ಎಂಬ ಲೆಕ್ಕ. ಅಲ್ಲಿ ಉಳಿದಿದ್ದ ದೊಡ್ಡ ನೌಕೆ ಒಂದೇ, ಅದರ ಹೆಸರು ಅಫೊನ್ಸೊ ಡ ಅಲ್ಬುಕರ್ಕ್! ಡಿಸೆಂಬರ್ 18ರಂದು ಅದು ಏಟು ತಿಂದು ದಡಕ್ಕೆ ಏರಿತು. ಅದೇ ಬೆಳಿಗ್ಗೆ ಅಂಜದೀವದಲ್ಲಿ ಉಲ್ಟಾ ಆಯಿತು. ತ್ರಿಶೂಲ ಮತ್ತು ಮೈಸೂರು ನೌಕೆಗಳ ಕಾವಲಿನಲ್ಲಿ ನಾವಿಕರ ಮೊದಲ ತಂಡ ಎದುರಿಲ್ಲದೆ ಇಳಿಯಿತು, ಬಿಳಿ ಬಾವುಟವೂ ಕಂಡಿತಂತೆ, ಎರಡನೆಯ ತಂಡ ದಡ ಮುಟ್ಟುವಾಗ ಮಷೀನ್‌ಗನ್ ಶುರುವಾಯಿತು. ಏಳು ನಾವಿಕರು ಸತ್ತರು. ಗೋವೆಯ ಐ.ಎನ್.ಎಸ್. ಗೋಮಾಂತಕದಲ್ಲಿ ಅವರ ಸ್ಮಾರಕವಿದೆ. ಅದನ್ನು ನಾನು ಯಾವಾಗಲೂ ವೀರಗಲ್ಲು ಅಂತಲೇ ಓದಿಕೊಳ್ಳೋದು.

ಮಾವ ಆಗ ಶಾಲೆಯ ಹುಡುಗ. ಫಿರಂಗಿಯ ಸದ್ದಿಗೆ ಎಲ್ಲರೂ ಅಂಗಳಕ್ಕೆ ಬಂದದ್ದು ನೆನಪಿದೆ ಎಂದರು. "ದ್ವೀಪದಲ್ಲಿ ಎಷ್ಟು ಜನ ಸಿಪಾಯಿ ಇದ್ರು, ಎಲ್ಲಿ ಕೂತಿರ್ತಿದ್ರು ಅಂತ ಇಲ್ಲಿಯವರಿಗೆ ಗೊತ್ತಿತ್ತಾ ಮಾವ?" ಅಂತ ಕೇಳಿದೆ. ಅವರು ಅಡಿಕೆ ಕತ್ತರಿಸುತ್ತಿದ್ದರು. "ಮೀನಿಗೆ ಹೋಗುವವರಿಗೆ ಗೊತ್ತಿರದೆ ಎಂತ? ದಿನಾ ನೋಡೂದು. ಯಾರಾದ್ರೂ ಕೇಳ್ಬೇಕಲ್ಲ ತಮಾ." ಇದು ಒಬ್ಬರ ಮಾತು, ಅರವತ್ತು ವರ್ಷದ ಮೇಲಿನ ನೆನಪು. ಪುರಾವೆ ಅಂತ ನಾನು ಮುಂದಿಡುತ್ತಿಲ್ಲ, ದಾಖಲಿಸಿ ಇಡುತ್ತಿದ್ದೇನೆ ಅಷ್ಟೇ.

ಒಂದು ಬಿನ್ನಹ. ನಮ್ಮ ಓದುಗರಲ್ಲಿ ನೌಕಾಪಡೆಯಲ್ಲಿದ್ದವರು ಒಬ್ಬಿಬ್ಬರು ಇದ್ದೇ ಇರುತ್ತೀರಿ. ಕೆಲಸದ ಮೇಲೆ ದ್ವೀಪಕ್ಕೆ ಹೋಗುವ ಅವಕಾಶ ಬಂದು, ಅಧಿಕಾರಿಗಳ ಅನುಮತಿಯೂ ಇದ್ದರೆ, ಹಳೆಯ ಕೊಳದ ಮೆಟ್ಟಿಲು, ಗೋಡೆಯ ಕಲ್ಲುಗಳನ್ನು ಒಮ್ಮೆ ಸಾವಕಾಶ ನೋಡಿ. ಬಿದ್ದ ಗುಡಿಯ ಕಲ್ಲು ಅಲ್ಲಿಗೆ ಸೇರಿರಬಹುದು. ಅಕ್ಷರ ಕಂಡರೆ ಸುಣ್ಣ, ಸೀಮೆಸುಣ್ಣ ಹಚ್ಚಬೇಡಿ, ನೀರಲ್ಲಿ ಒರೆಸಿ, ಪಕ್ಕಕ್ಕೊಂದು ಅಳತೆಪಟ್ಟಿ ಇಟ್ಟು, ಸಂಜೆಯ ಓರೆ ಬೆಳಕಿನಲ್ಲಿ ಎರಡು ಬದಿಯಿಂದ ಚಿತ್ರ ತೆಗೆಯಿರಿ.