ಪಾರ್ಶ್ವವಾಯುವಿನ ನಿದಾನ ಮತ್ತು ಸೂಕ್ಷ್ಮತರಂಗ: ಮಣಿಪಾಲ ಪರಿಸರದ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ಅವಲೋಕನ

1953ರಲ್ಲಿ ಕನ್ನಡ ನೆಲದ ಎರಡು ಕಡೆಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆರಂಭಗಳಾದವು. ಆಗ ಮದರಾಸು ರಾಜ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಅದೇ ವರ್ಷ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಮರಳಿದ ರಾಜೇಶ್ವರಿ ಚಟರ್ಜಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಡನೆ ಸೂಕ್ಷ್ಮತರಂಗ ಸಂಶೋಧನೆಗೆ ತಳಹದಿ ಹಾಕಿದರು. ಅವರ ಗಮನವಿದ್ದುದು ಆಂಟೆನಾಗಳ ಮೇಲೆ. ಮಾನವ ದೇಹದ ಮೇಲಲ್ಲ.

ಈ ಎರಡು ಧಾರೆಗಳು ಸೇರಬಹುದಾದ ಸ್ಥಾನವೇ ಪಾರ್ಶ್ವವಾಯುವಿನ ನಿದಾನ. ಜನರ ಮಾತಿನಲ್ಲಿ 'ಲಕ್ವ'ವೆನಿಸಿದ ಈ ರೋಗಕ್ಕೆ ಕಾರಣಗಳು ಎರಡು: ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವುದು, ಇಲ್ಲವೆ ಒಡೆಯುವುದು. ಹೊರಲಕ್ಷಣಗಳು ಬಹುಮಟ್ಟಿಗೆ ಒಂದೇ. ಆದರೆ ಮೊದಲನೆಯದಕ್ಕೆ ಔಷಧವಾದುದು ಎರಡನೆಯದಕ್ಕೆ ಪ್ರಾಣಾಂತಕ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ನಿರ್ಮಿತ ಸಿ.ಟಿ. ಯಂತ್ರವು ಮೊದಲ ರೋಗಿಯ ಮೆದುಳನ್ನು ತೋರಿಸುವವರೆಗೆ ಈ ಭೇದವನ್ನು ನೇರವಾಗಿ ಕಾಣುವ ಸುಲಭ ಮಾರ್ಗವಿರಲಿಲ್ಲ. 1995ರಲ್ಲಿ, ಹೆಪ್ಪು ಕರಗಿಸುವ ಔಷಧವನ್ನು ಮೂರು ಗಂಟೆಗಳೊಳಗೆ ಕೊಟ್ಟರೆ ಫಲಕಾರಿಯೆಂದು ಸಿದ್ಧವಾಯಿತು. 2008ರ ಪ್ರಯೋಗ ಈ ಅವಧಿಯನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಅಲ್ಲಿಂದ ಮುಂದೆ ನಿದಾನದ ಪ್ರಶ್ನೆಯು ದಾರಿಯ ಪ್ರಶ್ನೆಯೂ ಆಯಿತೆನ್ನಬೇಕು. ಕಾಪು ಹೆದ್ದಾರಿಯ ಮೇಲಿದೆ, ಮಣಿಪಾಲಕ್ಕೆ ಹತ್ತಿರ. ಕಾರ್ಕಳದಿಂದ ದಾರಿ ಸುಮಾರು ಇಮ್ಮಡಿ. ಘಟ್ಟದ ಬುಡದ ಮಾಳದಂತಹ ಊರುಗಳಿಂದ ಇನ್ನೂ ಹೆಚ್ಚು. ರಾತ್ರಿ ನಿದ್ರೆಯಲ್ಲಿ ಬಡಿದ ಲಕ್ವಕ್ಕಂತೂ ಗಂಟೆಯ ಲೆಕ್ಕವೇ ಸಿಗುವುದಿಲ್ಲ.

ಸೂಕ್ಷ್ಮತರಂಗದ ಪ್ರಸ್ತುತತೆ ಇರುವುದು ಇಲ್ಲಿಯೇ. ರಕ್ತದಲ್ಲಿ ನೀರಿನಂಶ ಅಧಿಕ. ಸುತ್ತಲಿನ ಮೆದುಳಿನ ಅಂಗಾಂಶಕ್ಕಿಂತ ಅದರ ವಿದ್ಯುತ್ ಗುಣ ಭಿನ್ನ. ತಲೆಯ ಸುತ್ತ ಜೋಡಿಸಿದ ಆಂಟೆನಾಗಳಲ್ಲಿ ಒಂದೊಂದರಿಂದ ಮಂದವಾದ ತರಂಗಗಳನ್ನು ಹಾಯಿಸಿ, ಚದುರಿ ಬಂದುದನ್ನು ಉಳಿದವುಗಳಲ್ಲಿ ಅಳೆದರೆ ಆ ಭೇದದ ಸುಳಿವು ದೊರೆಯುತ್ತದೆ. ಕಂಪನಾಂಕ ಏರಿಸಿದಂತೆ ವಿವರ ಹೆಚ್ಚುತ್ತದೆ, ಆದರೆ ತರಂಗವು ಒಳಹೋಗುವ ಆಳ ಕುಗ್ಗುತ್ತದೆ. ಆದ್ದರಿಂದ ಸಂಶೋಧಕರು ಸುಮಾರು ಒಂದು ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಸ್ವೀಡನ್ನಿನ ಚಾಲ್ಮರ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ಮಿಕಾಯೆಲ್ ಪೆರ್ಸನ್ ಮತ್ತು ಸಂಗಡಿಗರು ಇಂತಹ ಶಿರಸ್ತ್ರಾಣವನ್ನು 45 ರೋಗಿಗಳ ಮೇಲೆ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು.

ಇದನ್ನು 'ಬಿಂಬನ'ವೆಂದು ಕರೆಯುವುದು ರೂಢಿಯಾದರೂ ಸ್ವೀಡನ್ನಿನ ವಿಧಾನಕ್ಕೆ ಆ ಹೆಸರು ಪೂರ್ತಿ ಒಪ್ಪುವುದಿಲ್ಲ. ಅದು ಚಿತ್ರ ಬರೆಯುವುದಿಲ್ಲ, ಸಿ.ಟಿ.ಯಿಂದ ಖಚಿತಪಟ್ಟ ಹಿಂದಿನ ರೋಗಿಗಳ ತರಂಗಮಾದರಿಗಳೊಡನೆ ಹೊಸ ರೋಗಿಯದನ್ನು ಹೋಲಿಸಿ ವರ್ಗೀಕರಿಸುತ್ತದೆ. ಅಂದಮೇಲೆ ಪೂರ್ವಸಂಗ್ರಹವೇ ಅದರ ಕಣ್ಣು. ಕೆಲವೇ ಹತ್ತು ರೋಗಿಗಳಿಂದ ಕಲಿತ ಯಂತ್ರವನ್ನು ಕಾರ್ಕಳದ ಆಂಬ್ಯುಲೆನ್ಸಿನಲ್ಲಿಟ್ಟು ನಂಬುವುದು ಅವಿವೇಕವಾದೀತು. ತಲೆಯ ಗಾತ್ರ, ಮೂಳೆಯ ದಪ್ಪ, ರಕ್ತಸ್ರಾವದ ಸ್ಥಾನ ಇವೆಲ್ಲ ಅಳತೆಯನ್ನು ಬದಲಿಸುತ್ತವೆ. ಇಲ್ಲಿಯ ರೋಗಿಗಳ ಸಂಗ್ರಹ ಇಲ್ಲಿಯೇ ಆಗಬೇಕು, ಅದಕ್ಕೆ ಸಿ.ಟಿ. ಕೊಠಡಿಯ ಪಕ್ಕದಲ್ಲಿಯೇ ಆಂಟೆನಾ ಬಲ್ಲವರೂ ಇರಬೇಕು. 1957ರಲ್ಲಿ ಆರಂಭವಾದ ಮಣಿಪಾಲದ ತಾಂತ್ರಿಕ ವಿದ್ಯಾಲಯವು ವೈದ್ಯಕೀಯ ಕಾಲೇಜಿನಿಂದ ಕಾಲ್ನಡಿಗೆಯ ದೂರದಲ್ಲಿದೆ.